ಬಿಗಿದ ಸಂದು

ಬೆಳಕು ಹರಿಯುವ ಮುಂಚೆ ಮುದ್ದಮ್ಮನನ್ನು ಎಬ್ಬಿಸಿದ್ದು ಹೊಳೆಯ ಸದ್ದಲ್ಲ, ಮರದ ಸದ್ದು. ನಿದ್ದೆಯಲ್ಲಿ ಮಗು ಹಲ್ಲು ಕಡಿದ ಹಾಗೆ ಒಂದಿಷ್ಟು ಹೊತ್ತು ಕಟಕಟ ಅನ್ನುವುದು, ಸುಮ್ಮನಾಗುವುದು, ಇನ್ನು ನಿಂತಿತು ಅಂದುಕೊಳ್ಳುವಾಗ ಮತ್ತೆ ಅನ್ನುವುದು. ಅವಳು ಕಣ್ಣು ತೆರೆಯದೆ ಕೈ ಚಾಚಿ ಮೊದಲು ಮಗಳ ಬೆನ್ನು ಮುಟ್ಟಿದಳು. ಬೆಚ್ಚಗಿತ್ತು. ಆಮೇಲೆ ಮಗಳ ಕೆಳಗಿನ ಚಾಪೆ ಮುಟ್ಟಿದಳು. ಒಣಗಿತ್ತು. ಆಮೇಲೆ ಚಾಪೆಯ ಆಚೆ, ದೋಣಿಯ ಪಕ್ಕೆಯ ಹಲಗೆಗೆ ಬೆರಳು ಊರಿದಳು. ಎರಡು ಹಲಗೆ ಕೂಡುವ ಸಂದಿನಲ್ಲಿ ತಾನೇ ಬಡಿದು ತುಂಬಿದ್ದ ತೆಂಗಿನ ನಾರು ಹಲಗೆಯ ಮಟ್ಟ ಮೀರಿ ಈಚೆಗೆ ಉಬ್ಬಿ ನಿಂತಿತ್ತು. ನಿನ್ನೆ ಅದು ಉಗುರಿಗೆ ತಗಲುವಷ್ಟಿತ್ತು. ಈಗ ಹುಣ್ಣಿನ ತುಟಿಯ ಹಾಗೆ ಇಡೀ ಬೆರಳಿಗೆ ಸಿಕ್ಕಿತು. ಬೆರಳನ್ನು ಮೂಗಿನ ಹತ್ತಿರ ತಂದಳು. ರಾಳದ ವಾಸನೆ, ಅದರ ಹಿಂದೆ ಹೊಸ ನೀರಿನ ಕೆಮ್ಮಣ್ಣಿನ ವಾಸನೆ. ದೋಣಿಯಲ್ಲಿ ಒದ್ದೆಯಾಗದ್ದು ಯಾವುದಿದೆ, ಸೀರೆ ಒದ್ದೆ, ಸೌದೆ ಒದ್ದೆ, ಉಪ್ಪಿನ ಮಡಕೆ ಒದ್ದೆ ಎಂದು ತನಗೆ ತಾನೇ ಹೇಳಿಕೊಂಡು ಬೆರಳನ್ನು ಸೆರಗಿಗೆ ಒರೆಸಿದಳು. ಒರೆಸಿದ ಮೇಲೂ ಆ ಬೆರಳು ಮಾತ್ರ ತಣ್ಣಗೆ ಬೇರೆಯಾಗಿಯೇ ಇತ್ತು.

ಇಡೀ ಸಂಸಾರ ಆ ಜೋಡುದೋಣಿಯ ಮೇಲೆಯೇ ಇತ್ತು. ಎರಡು ದೋಣಿಗಳನ್ನು ತೊಲೆಗಳಿಂದ ಒಟ್ಟಿಗೆ ಬಿಗಿದು, ಮೇಲೆ ಹಲಗೆ ಹಾಸಿ, ಜನ, ಮೂಟೆ, ದನ ಎಲ್ಲವನ್ನೂ ಹೇಮಾವತಿಯ ಈ ದಡದಿಂದ ಹೊಳೆನರಸೀಪುರದ ರಸ್ತೆ ಇರುವ ಆ ದಡಕ್ಕೆ ದಾಟಿಸುವುದು ಅವಳ ಗಂಡ ಗಂಗಯ್ಯನ ಕಸುಬು. ಒಂದು ದೋಣಿಯ ಹಿಂಭಾಗಕ್ಕೆ ಬಿದಿರು ತಟ್ಟಿ ಬಾಗಿಸಿ ಮಾಡು ಕಟ್ಟಿಕೊಂಡಿದ್ದರು. ಅದರ ಕೆಳಗೆ, ದೋಣಿಯ ಹೊಟ್ಟೆಯಲ್ಲಿ, ಅವನೂ ಅವಳೂ ಐದು ತುಂಬದ ತಾಯವ್ವನೂ ಮಲಗುತ್ತಿದ್ದರು. ಮರಳು ತುಂಬಿದ ಪೆಟ್ಟಿಗೆಯ ಮೇಲೆ ಮಣ್ಣಿನ ಒಲೆ. ಹೋದ ಸಲದ ಪ್ರವಾಹದಲ್ಲಿ ದಡದ ಗುಡಿಸಲು ಗೋಡೆಯ ಗುರುತೂ ಇಲ್ಲದಂತೆ ಹೋದ ಮೇಲೆ ಇನ್ನೊಂದು ಕಟ್ಟಲು ದಡದಲ್ಲಿ ಅವರದೆನ್ನುವ ಜಾಗ ಒಂದಂಗೈ ಇರಲಿಲ್ಲ. ದಡವೆಲ್ಲ ಗೌಡರ ಗದ್ದೆ. ಮನೆ ಅಂದರೆ ಈಗ ಇದೇ. ಬೆಳಿಗ್ಗೆ ಎದ್ದು ಬೇರೆ ಹೆಂಗಸರು ಅಂಗಳ ಸಾರಿಸಿದರೆ ಅವಳು ಸೀಮೆಎಣ್ಣೆ ಡಬ್ಬ ಹಿಡಿದು ಮನೆಯೊಳಗಿನ ನೀರು ಮೊಗೆಯುತ್ತಿದ್ದಳು. ಬಿಸಿಲು ಬಿದ್ದ ಕಡೆಗೆ ಹಾಸಿಗೆ ಎಳೆಯುವುದು, ಹಗ್ಗ ಸವೆದಲ್ಲಿ ಚಿಂದಿ ಸುತ್ತುವುದು, ಹಲಗೆಗೆ ಹೊಂಗೆಣ್ಣೆ ತಿಕ್ಕುವುದು, ಹಾವಸೆ ಕೆರೆಯುವುದು, ಇದರ ನಡುವೆ ಹಿಟ್ಟು ಬೇಯಿಸುವುದು, ಮಗಳ ತಲೆ ಬಾಚುವುದು. ಮಗಳ ಸೊಂಟಕ್ಕೆ ಒಂದು ಹಗ್ಗ ಕಟ್ಟಿ ಅದರ ತುದಿಯನ್ನು ತೊಲೆಗೆ ಬಿಗಿದಿದ್ದಳು. ಕರುವನ್ನು ಕಟ್ಟಿದ ಹಾಗೆ ಕಟ್ಟಿದ್ದೀಯಲ್ಲೇ ಎಂದು ದಾಟುವ ಜನ ನಗುತ್ತಿದ್ದರು. ನಗಲಿ. ಪ್ರವಾಹದ ದಿನ ಎಲ್ಲರೂ ದೋಣಿ ಹತ್ತಿ ಕೂತಾಗ ಸಂದಿನಿಂದ ಒಸರಿದ ನೀರು ಯಾವಾಗ ಮಗಳ ಕಿವಿಯವರೆಗೂ ಬಂತೋ ಯಾರಿಗೂ ಗೊತ್ತಾಗಲಿಲ್ಲ; ಮಗು ಕೂಗಲಿಲ್ಲ, ನೀರಿನಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಎತ್ತಿಕೊಂಡಾಗ ಅದರ ಕಿವಿಯಿಂದ ಇಳಿದ ನೀರು ಮುದ್ದಮ್ಮನ ಎದೆಯ ಮೇಲೆ ಹರಿದಿತ್ತು.

ಅದಕ್ಕೇ ಅಲ್ಲವೇ ತಾನು ಹಾಗೆ ಮಾಡಿದ್ದು. ಬೇಸಗೆಯಲ್ಲಿ ಹೊಳೆ ಇಳಿದಾಗ ದೋಣಿಗಳನ್ನು ಮರಳಿನ ಮೇಲೆ ಎಳೆದು ಹಾಕಿದ್ದರು. ಬಿಸಿಲಿಗೆ ಹಲಗೆಗಳು ಸೆಡೆತು, ಸಂದು ಬಾಯಿ ಬಿಟ್ಟು, ಒಳಗೆ ಕೂತರೆ ಪಕ್ಕೆಯ ಉದ್ದಕ್ಕೂ ಬೆಳಕಿನ ಗೆರೆಗಳು ಕಾಣುತ್ತಿದ್ದವು. ಮಗಳು ಆ ಗೆರೆಗಳ ಮೇಲೆ ಬೆರಳು ಓಡಿಸಿ ಆಡುತ್ತಿದ್ದರೆ ಇವಳು ಅದರ ಕೈ ಹಿಡಿದು ಈಚೆಗೆ ಎಳೆದುಕೊಳ್ಳುತ್ತಿದ್ದಳು. ಗಂಗಯ್ಯ ಉಳಿ, ಕೊಡತಿ ಹಿಡಿದು ಸಂದು ಸಂದಿಗೂ ನಾರು ತುಂಬುತ್ತ ಬಂದ. ಆದರೆ ಎಷ್ಟು ಹಗುರವಾಗಿ. ಮುದುಕಿಯ ಬಾಯಿಗೆ ಅನ್ನ ಇಟ್ಟ ಹಾಗೆ. ಇನ್ನೊಂದಿಷ್ಟು ಹಾಕಿ, ಇನ್ನೂ ಬೆಳಕು ಕಾಣ್ತದೆ ಅಂದದ್ದಕ್ಕೆ ಅವನು ನಕ್ಕಿದ್ದ. "ಅದಿನ್ನೂ ನೀರ್ ಕುಡ್ದಿಲ್ಲ ಕಣಮ್ಮಿ. ಕುಡುದ್ಮೇಲೆ ಮರ ತಾನೇ ಊದ್ಕತದೆ, ಜಾಗ ಬುಡಬೇಕು. ಬಯಲುಸೀಮೆಯೋಳ್ಗೆ ಏನ್ ಗೊತ್ತು." ಚನ್ನರಾಯಪಟ್ಟಣದ ಕಡೆಯ ಅವಳ ಊರಿನಲ್ಲಿ ಕೆರೆ ಬಿಟ್ಟರೆ ನೀರು ಕಂಡವರಿಲ್ಲ, ದೋಣಿಗೆ ಕಾಲಿಟ್ಟ ಮೊದಲ ದಿನ ಅವಳು ಎರಡೂ ಕೈಯಲ್ಲಿ ತೊಲೆ ತಬ್ಬಿಕೊಂಡು ಕೂತದ್ದನ್ನು ಅವನು ಇವತ್ತಿಗೂ ಬಂದವರಿಗೆಲ್ಲ ಆಡಿ ತೋರಿಸುತ್ತಾನೆ. ಅವನು ಅರಕಲಗೂಡಿಗೆ ನೆಂಟರ ಮನೆ ಸಾವಿಗೆ ಹೋದ ದಿನ, ಮಗಳು ಮಲಗುವ ಜಾಗದ ಸಂದನ್ನು ಮಾತ್ರ, ಅದೊಂದನ್ನು ಮಾತ್ರ, ಅವಳು ತಾನೇ ತುಂಬಿದಳು. ಅವನು ತುಂಬಿದ ನಾರಿನ ಮೇಲೆ ಇನ್ನೊಂದು ಎಳೆ, ಅದರ ಮೇಲೆ ಇನ್ನೊಂದು. ಕೊಡತಿಯಿಂದ ಬಡಿದಳು. ಉಳಿ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಬಡಿದಳು. ಮೇಲೆ ಹೊಂಗೆಣ್ಣೆಯಲ್ಲಿ ಕುದಿಸಿದ ರಾಳ ಸುರಿದು ಅಂಗೈಯಲ್ಲಿ ಸವರಿ ಎಲ್ಲ ಒಂದೇ ಆಗುವಂತೆ ಮಾಡಿದಳು. ಬೆಳಕಿನ ಗೆರೆ ಹೋಯಿತು. ಆ ರಾತ್ರಿ ಅವಳಿಗೆ ಎಷ್ಟೋ ದಿನದ ಮೇಲೆ ಗಾಢವಾದ ನಿದ್ದೆ ಬಂತು. ಈಗ ನೀರು ಕುಡಿದ ಮರ ಜಾಗ ಕೇಳುತ್ತಿದೆ. ಜಾಗ ಇಲ್ಲ. ಅವಳು ಬಿಟ್ಟಿಲ್ಲ.

"ಅವ್ವ, ದೋಣಿಗೆ ಒಟ್ಟೆ ನೋಯ್ತದಾ?" ತಾಯವ್ವ ಎದ್ದು ಕೂತು ಕಣ್ಣು ಉಜ್ಜುತ್ತ ಕೇಳಿತು. ಯಾಕೆ ಮಗ ಅಂದರೆ, "ನರಳ್ತದೆ," ಅಂದಿತು.

ಸಂತೆಯ ದಿನ. ಗಂಗಯ್ಯ ಆಗಲೇ ಮೇಲಿನ ಹಲಗೆಯ ಮೇಲೆ ನಿಂತು ಹೊಳೆಯ ಬಣ್ಣ ನೋಡುತ್ತಿದ್ದ. ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿದಿತ್ತು. ಇಲ್ಲಿ ಒಂದು ಹನಿ ಇಲ್ಲದೆಯೂ ಹೊಳೆ ಕೆಂಪಾಗಿ, ಸದ್ದಿಲ್ಲದೆ, ದಡದ ಹುಲ್ಲನ್ನು ಒಂದೊಂದಾಗಿ ಮುಳುಗಿಸುತ್ತ ಏರುತ್ತಿತ್ತು. ಅವನಿಗೆ ಅಂಬಲಿ ಕೊಡುವಾಗ ಹೇಳಬೇಕೆಂದು ಮುದ್ದಮ್ಮ ಬಾಯಿ ತೆರೆದಳು. "ಕೇಳುದ್ರಾ. ತಾಯವ್ವ ಮನಿಕೊಳೊ ತಾವ ನೀರ್ ಬತ್ತಾದೆ."

"ಮೊಗಿ."

"ನೆನ್ನೆಗಿಂತ ಜಾಸ್ತಿ ಬತ್ತಾದೆ."

"ನೆನ್ನೆಗಿಂತ ಒಳೇನೂ ಜಾಸ್ತಿ ಅದೆ." ಅವನು ಅಂಬಲಿ ಕುಡಿದು ಬಟ್ಟಲು ತೊಳೆದು ಕೊಟ್ಟ. "ನೀನು ದಿನಾ ಏಳ್ತೀಯ, ನಾನು ದಿನಾ ನೋಡ್ತೀನಿ, ದಿನಾ ಏನೂ ಇರಾಕಿಲ್ಲ. ಒಟ್ಟೇಲಿರೋ ಕೂಸೂ ಪುಕ್ಕಲು ಆಯ್ತದೆ ನೋಡು." ನಗುತ್ತ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವಳ ತಲೆಯನ್ನು ಒಮ್ಮೆ ಮುಟ್ಟಿ ಹೋದ. ಅದು ನಿಜ. ಹೊಳೆ ಮೊದಲ ದಿನ ಏರಿದಾಗಿನಿಂದ ಅವಳು ಏನಾದರೊಂದು ಹೇಳಿದ್ದಾಳೆ. ಹಗ್ಗ ಸವೆದಿದೆ, ತೊಲೆ ಅಲ್ಲಾಡುತ್ತದೆ, ದೋಣಿ ನೂಕುವ ಗಳ ಬಿರುಕು ಬಿಟ್ಟಿದೆ. ಅವಳ ಮಾತು ಅವನ ಕಿವಿಗೆ ನೀರಿನ ಸದ್ದಿನಂತೆ ಆಗಿಹೋಗಿದೆ. ಇದು ಬೇರೆ, ಇದು ನನ್ನ ಕೈಯಿಂದ ಆದದ್ದು ಎಂದು ಹೇಳಿದರೆ ಮಾತ್ರ ಕೇಳಿಯಾನು. ಹೇಳಿದರೆ ಬಯ್ಯುವವನಲ್ಲ ಅವನು. ಬಯ್ದರೆ ಚೆನ್ನಾಗಿತ್ತು. ಹಿಂದೊಮ್ಮೆ ಅವಳ ಕೈ ತಪ್ಪಿ ಅವನ ಹೊಸ ಗಳ ಹೊಳೆಯ ಪಾಲಾದಾಗ ಅವನು ಎಷ್ಟೋ ದಿನ ಅವಳ ಕಡೆ ನೋಡದೆ, ಅವಳು ಬಡಿಸಿದ್ದನ್ನು ತಿನ್ನುತ್ತ, ಅವಳ ಪಕ್ಕದಲ್ಲೇ ಮಲಗುತ್ತ, ಮಗಳ ಜೊತೆ ಮಾತ್ರ ಮಾತಾಡುತ್ತ ಇದ್ದುಬಿಟ್ಟಿದ್ದ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ದೊಡ್ಡ ಮೌನ.

ಜನ ಬಂದರು. ಹುರುಳಿ ಮೂಟೆ, ಬುಟ್ಟಿಯೊಳಗೆ ಕೋಳಿ, ಬೆಲ್ಲದ ಹೆಡಿಗೆ. ಕೊನೆಗೆ ಗೌಡರಾದ ರಂಗಸ್ವಾಮಿ, ಆಳಿನ ಕೈಯಲ್ಲಿ ಮಾರಲಿಕ್ಕೆಂದು ಹಿಡಿಸಿಕೊಂಡು ಬಂದ ಒಂದು ದೊಡ್ಡ ಎಮ್ಮೆಯ ಹಿಂದೆ. ದೋಣಿ ಕಟ್ಟಿದ್ದ ಹೊಂಗೆಮರ ಅವರದೇ ಗದ್ದೆಯ ಬದುವಿನದು. ಹಾಗಾಗಿ ಅವರು ಯಾವಾಗಲೂ ದೋಣಿಯೂ ತಮ್ಮದೇ ಎಂಬಂತೆ ಹತ್ತುತ್ತಿದ್ದರು.

"ಏನ್ಲಾ ಗಂಗ, ಗೊರೂರ್ ತಾವ ಕಟ್ಟೆ ಕಟ್ತಾರಂತಲ್ಲ. ನೀರೆಲ್ಲ ಅಲ್ಲೇ ನಿಲ್ಸಿದ್ಮೇಲೆ ನಿನ್ನ ದೋಣಿ ಮಳಲ್ ಮೇಲೆ ಬುಡ್ತೀಯೇನ್ಲಾ."

"ಆವಾಗ ಚಕ್ರ ಆಕುಸ್ತೀನಿ ಗೌಡ್ರೇ. ಎಳ್ಯಕ್ಕೆ ನಿಮ್ಮೆಮ್ಮೆ ಅದಲ್ಲ."

ಜನ ನಕ್ಕರು. ಕೋಳಿ ಬುಟ್ಟಿಯ ಹೆಂಗಸು, "ಎಮ್ಮೆ ಯಾಕೆ, ಗೌಡ್ರೇ ಎಳುದ್ರೂ ಆಯ್ತದೆ" ಎಂದು ಸೆರಗಿನೊಳಗೆ ಗೊಣಗಿದಳು. ರಂಗಸ್ವಾಮಿಯೂ ಕೇಳಿಸದವರಂತೆ ನಕ್ಕರು. ಎಮ್ಮೆ ಹತ್ತಲೊಲ್ಲದು. ಮುಂಗಾಲು ಹಲಗೆಯ ಮೇಲಿಟ್ಟು, ಮೂಗು ಅರಳಿಸಿ, ಹಲಗೆಯ ಕೆಳಗಿನದೇನನ್ನೋ ಮೂಸಿ ಹಿಂದಕ್ಕೆ ಜಗ್ಗಿತು. ಕೆಳಗೆ ದೋಣಿಯ ಹೊಟ್ಟೆಯಲ್ಲಿ ಕೂತು ನೀರು ಮೊಗೆಯುತ್ತಿದ್ದ ಮುದ್ದಮ್ಮನಿಗೆ ಎಮ್ಮೆಯ ಗೊರಸು ತನ್ನ ನೆತ್ತಿಯ ಮೇಲೆ ಊರಿದಂತೆ ಆಯಿತು. ಆಳು ಬಾಲ ತಿರುಚಿದ. ಎಮ್ಮೆ ಹತ್ತಿತು. ಹಲಗೆ ಬಾಗಿತು. ದೋಣಿಯ ಪಕ್ಕೆ ಒಮ್ಮೆ ನೀಳವಾಗಿ ಉಸಿರು ಎಳೆದುಕೊಂಡ ಹಾಗೆ ಮಾಡಿತು, ಆಮೇಲೆ ಅವಳ ಕಣ್ಣೆದುರಿಗೇ, ಮಗಳ ತಲೆ ಇರುವ ಜಾಗದಲ್ಲಿ, ಒಂದು ಮೊಳೆ ಮರದಿಂದ ಮೆಲ್ಲಗೆ ಹೊರಗೆ ಬಂತು. ಯಾರೂ ಕೀಳುತ್ತಿಲ್ಲ, ತಾನಾಗಿ ಬಂತು. ಅದರ ಪಕ್ಕದ ಮೊಳೆಯ ತಲೆಯೂ ಎದ್ದಿತ್ತು. ಹಲಗೆಯ ಅಂಚು ಅಡ್ಡಪಟ್ಟಿಯನ್ನು ಬಿಟ್ಟು ಈಚೆಗೆ ಸರಿದಿತ್ತು, ಆ ಸೀಳಿನಿಂದ ನೀರು ಹನಿಯಾಗಿ ಅಲ್ಲ, ತೆಳ್ಳಗೆ, ಅಗಲವಾಗಿ, ಕೆಂಪು ಬಟ್ಟೆಯೊಂದನ್ನು ಯಾರೋ ಮಡಿಕೆ ಬಿಚ್ಚಿ ಹಾಸುತ್ತಿರುವಂತೆ ಇಳಿಯುತ್ತಿತ್ತು. ತಾಯವ್ವ ತನ್ನ ಹಗ್ಗದ ತುದಿಯಲ್ಲಿ ಕೂತು ಅದಕ್ಕೆ ಅಂಗೈ ಒಡ್ಡಿತ್ತು.

ನಡುಹೊಳೆಯಲ್ಲಿ ಸೆಳೆತಕ್ಕೆ ಅಡ್ಡ ನಿಂತಾಗ ಈ ಪಕ್ಕೆಗೇ ಹೊಳೆ ಒತ್ತುತ್ತದೆ. ಅವಳಿಗೆ ಅದು ಗೊತ್ತು. ಎಮ್ಮೆ, ಜನ, ಮೂಟೆ, ಸೊಂಟಕ್ಕೆ ಹಗ್ಗ ಕಟ್ಟಿದ ಮಗು. "ನೀರು ಬತ್ತಾದೆ," ಎಂದು ಕೂಗಿದಳು. ಮೇಲಿನಿಂದ ಗಂಗಯ್ಯನ ದನಿ, "ಮೊಗಿ ಮೊಗಿ, ಒಂಟ್ವಿ." ಹಗ್ಗ ಬಿಚ್ಚುವ ಸದ್ದು. ಅವಳು ಮಗಳ ಸೊಂಟದ ಗಂಟು ಬಿಚ್ಚಲು ಹೋದಳು. ಒದ್ದೆಯಾಗಿ ಬಿಗಿದ ಗಂಟು ಬಿಚ್ಚಿಕೊಳ್ಳಲಿಲ್ಲ. ಕುಡುಗೋಲಿನಿಂದ ಹಗ್ಗ ಕೊಯ್ದು, ಮಗಳನ್ನು ಕಂಕುಳಿಗೆ ಹಾಕಿಕೊಂಡು ಮೇಲೆ ಬಂದಳು. ಎಲ್ಲರೂ ಅವಳ ಕಡೆ ನೋಡಿದರು. ರಂಗಸ್ವಾಮಿ ನೋಡಿದರು. ಗಂಗಯ್ಯ ಗಳ ಊರಿ, ಬೆನ್ನು ಬಗ್ಗಿಸಿ, ದೋಣಿ ತಳ್ಳಲು ಅಣಿಯಾಗಿ ನಿಂತಿದ್ದ. ನಾನು ತುಂಬಿದ್ದು, ನಿಮಗೆ ಹೇಳದೆ ನಾನೇ ಬಡಿದು ತುಂಬಿದ್ದು ಎಂದು ಹೇಳಲು ಅವಳು ಬಾಯಿ ತೆರೆದಳು. ಇಷ್ಟು ಮುಖಗಳೆದುರಿಗೆ, ಆಗಷ್ಟೇ ನಕ್ಕು ಇನ್ನೂ ಹಲ್ಲು ಮುಚ್ಚದ ಮುಖಗಳೆದುರಿಗೆ, ಬಾಯಿಂದ ಬಂದದ್ದು ಬೇರೆ.

"ನಾನು ಮುಟ್ಟಾಗಿವ್ನಿ."

ಎಲ್ಲಿಂದ ಬಂತೋ ಆ ಮಾತು. ಕೋಳಿ ಬುಟ್ಟಿಯ ಹೆಂಗಸು ಮೊದಲು ಇಳಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಮೂಟೆಗಳನ್ನು ಅಲ್ಲಿ ಇಟ್ಟೇ ಇರಲಿಲ್ಲವೆಂಬಂತೆ ಎತ್ತಿಕೊಂಡು ಇಳಿದರು. ದೋಣಿ ಗಂಗಮ್ಮನ ಪೀಠ. ಹೊರಗಾದ ಹೆಂಗಸು ಅದನ್ನು ಹತ್ತುವಂತಿಲ್ಲ. ಪ್ರತಿ ತಿಂಗಳೂ ಅವಳು ಹೊಂಗೆಮರದ ಬುಡದಲ್ಲಿ ಸೋಗೆಯ ಮರೆಯೊಳಗೆ ಕೂರುತ್ತಿದ್ದಳು. ದೋಣಿಯ ಮೇಲೇ ಆದರೆ ಮೂರು ದಿನ ಹೊಳೆ ದಾಟಿಸುವ ಕಡವು ಮುಚ್ಚಿದಂತೆ. ದೋಣಿಯನ್ನು ದಡಕ್ಕೆಳೆದು, ಬರಿದು ಮಾಡಿ, ಅರಿಸಿನದ ನೀರಲ್ಲಿ ತೊಳೆದು ಪೂಜೆ ಆಗಬೇಕು. ರಂಗಸ್ವಾಮಿ ಎಮ್ಮೆಯನ್ನು ಇಳಿಸಿಕೊಂಡು, ಹೆಂಗಸರ ವಿಷಯಕ್ಕೆ ಬಾಯಿ ಹಾಕಬಾರದೆಂಬಂತೆ ಹೊಳೆಯ ಕಡೆ ನೋಡುತ್ತ, "ಒತ್ತಾರೆ ಏಳಾಕಾಗಿಲ್ವೇನ್ಲಾ ಇದ್ನ. ಪ್ಯಾಟೆ ಸೇತ್ವೆ ಸುತ್ಕೊಂಡ್ ಓಗೋದ್ರಾಗೆ ಸಂತೇನೇ ಮುಗ್ದೋಯ್ತದೆ" ಎಂದು ಗಂಗಯ್ಯನಿಗೆ ಹೇಳಿ ಹೋದರು. ಮುದ್ದಮ್ಮ ತಲೆ ಎತ್ತಲಿಲ್ಲ. ನಾಚಿಕೆ ಅವಳ ಕತ್ತಿನಿಂದ ಬಿಸಿಯಾಗಿ ಇಳಿಯುತ್ತಿತ್ತು, ಆದರೆ ಅದರ ಕೆಳಗೆ ಎಂಥದೋ ತಂಪು. ಇಳಿದರು. ಎಲ್ಲರೂ ಇಳಿದರು. ಕಂಕುಳಲ್ಲಿ ಮಗಳು ಇದೆ. ಅವಳು ತಲೆ ಎತ್ತಿದ್ದು ಆಮೇಲೆ. ಗಂಗಯ್ಯ ಗಳ ಹಿಡಿದು ಹಾಗೆಯೇ ನಿಂತಿದ್ದ. ಅವನು ಅವಳನ್ನು ನೋಡುತ್ತಿರಲಿಲ್ಲ. ಅವಳ ಹೊಟ್ಟೆಯನ್ನು ನೋಡುತ್ತಿದ್ದ.

ಆಗ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಯುಗಾದಿ ಕಳೆದ ಮೇಲೆ ಅವಳು ಹೊಂಗೆಮರದ ಬುಡಕ್ಕೆ ಹೋಗಿ ಕೂತಿರಲಿಲ್ಲ.

ದೋಣಿಯನ್ನು ಮರಳಿಗೆ ಎಳೆಯಲು ಊರಿನವರು ಕೈ ಹಚ್ಚಿದರು. ಸರಪಳಿಯಂತೆ ನಿಂತು ಎಳೆದು, ಕೈ ಒದರಿ ಹೋದರು. ಒಳಗೆ ನಿಂತ ನೀರನ್ನು ಕಂಡರೂ ಯಾರೂ ಏನೂ ಅಂದುಕೊಳ್ಳಲಿಲ್ಲ, ಯಾವ ದೋಣಿಯಲ್ಲಿ ನೀರಿಲ್ಲ. ಆ ದಡದಲ್ಲಿ ಸಂತೆಗಿಂತ ಮೊದಲೇ ಪೇಟೆಯಿಂದ ಹಿಂತಿರುಗುವವರು ಕಾದು ನಿಂತು ಆಗಾಗ "ದೋಣಿ" ಎಂದು ನೀಳವಾಗಿ ಕೂಗುತ್ತಿದ್ದರು. ಮುದ್ದಮ್ಮ ಸೋಗೆಯ ಮರೆಯಲ್ಲಿ ಕೂತಿದ್ದಳು. ತಾಯವ್ವನನ್ನು ಯಾರೋ ದೂರ ಕರೆದು ಕೂರಿಸಿದ್ದರು. ಅವ್ವನ ಹತ್ತಿರ ಓಗ್ಬ್ಯಾಡ, ಮುಟ್ಟಬ್ಯಾಡ. ಮಗು ಕೊಯ್ದ ಹಗ್ಗದ ತುಂಡನ್ನು ಇನ್ನೂ ಸೊಂಟದಿಂದ ನೇತುಹಾಕಿಕೊಂಡು ಇವಳನ್ನೇ ನೋಡುತ್ತಿತ್ತು. ಗಂಗಯ್ಯ ಬಂದು ಮರೆಯಿಂದ ಆಚೆ ಕುಕ್ಕರಗಾಲಲ್ಲಿ ಕೂತ. ಮರಳನ್ನು ಕೈಯಲ್ಲಿ ತೆಗೆದು ಸುರಿಯುತ್ತಿದ್ದ.

"ಯಾವಾಗ್ನಿಂದ," ಅಂದ. "ಒತ್ತಾರೆ ನಾನು ತಮಾಸೆ ಮಾಡ್ದಾಗ್ಲೂ ಕೂಸು ಓಗಿತ್ತಾ?"

ಅವನು ಅಳುತ್ತಿದ್ದಾನೆಂದು ಅವಳಿಗೆ ಗೊತ್ತಾದದ್ದು ಅವನ ಬೆನ್ನಿನಿಂದ. ತಾಯವ್ವ ಹುಟ್ಟಿದ ಮೇಲೆ ಆದ ಒಂದು ಕೂಸು ದಕ್ಕಿರಲಿಲ್ಲ. ಆಗಲೂ ಅವನು ಹೀಗೆ ಬೆನ್ನು ಕೊಟ್ಟು ಕೂತಿದ್ದ. ಅದನ್ನು ಹೂತ ಜಾಗವನ್ನು ಪ್ರವಾಹ ಒಯ್ದಿತ್ತು. ಅವಳಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದಳು. ನಾರಿನ ಎಳೆ, ಕೊಡತಿ, ಅರಕಲಗೂಡು, ಮೊಳೆ. ಸುಳ್ಳು ಹೇಳಿದೆ, ನಂಗೇನೂ ಆಗಿಲ್ಲ, ಕೂಸು ಐತೆ ಅಂದಳು. ಅವನು ತಿರುಗಲಿಲ್ಲ. ಕೇಳಿ ಮುಗಿದ ಮೇಲೆ ಎದ್ದು ದೋಣಿಗೆ ಹೋದ. ಒಳಗಿಳಿದು, ಮಂಡಿಯೂರಿ, ಸಂದಿನ ಮೇಲೆ ಅಂಗೈ ಇಟ್ಟ. ಇಷ್ಟು ದೂರದಿಂದಲೂ ಅವನ ಕೈ ಹಲಗೆಯ ಮೇಲೆ ಹೇಗೆ ನಿಂತಿದೆ ಎಂದು ಅವಳಿಗೆ ಕಂಡಿತು. ಅವಳ ಹೊಟ್ಟೆಯ ಮೇಲೆ ಇಡುವ ಹಾಗೆಯೇ. ಆಮೇಲೆ ಉಳಿ ತೆಗೆದುಕೊಂಡು ನಾರನ್ನು ಕೀಳತೊಡಗಿದ. ಕಿತ್ತಷ್ಟೂ ಬರುತ್ತಿತ್ತು. ಎಷ್ಟು ತುಂಬಿದ್ದೆನೋ ಎಂದು ಅವಳಿಗೇ ಬೆರಗಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ಮತ್ತೆ ಬಂದ. ಈ ಸಲ ಮುಖ ಒಣಗಿತ್ತು. "ನೋಡು," ಅಂದ ಸಣ್ಣ ದನಿಯಲ್ಲಿ. "ಅಲಗೆ ಎದ್ದದೆ. ಮೊಳೆ ಒಡ್ದು ಸರಿ ಮಾಡ್ತೀನಿ, ಮೂರ್ ದಿನ ಎಂಗೂ ದೋಣಿ ಮಳಲ್ ಮ್ಯಾಲೇ ಇರ್ತದೆ. ದೋಣಿ ಬಾಯ್ಬುಟ್ಟಿತ್ತು ಅಂತ ಗೊತ್ತಾದ್ರೆ ಯಾವನೂ ಅತ್ತಾಕಿಲ್ಲ. ಕಡವು ಇನ್ನೊಬ್ರ ಪಾಲಾಯ್ತದೆ. ಆಮೇಲೆ ಎಲ್ಲೋಗಿ ಮನಿಕೊಳನ. ನೀನು ಏಳ್ದಂಗೇ ಇರ್ಲಿ." ಅಷ್ಟು ಹೇಳುವಾಗ ಒಮ್ಮೆಯೂ ಅವಳ ಮುಖ ನೋಡಲಿಲ್ಲ. ಅವಳು ತಲೆ ಆಡಿಸಿದಳು. ಬಯ್ಯಲಿಲ್ಲ ಅನ್ನುವುದೇ ದೊಡ್ಡದಾಗಿ ಕಂಡಿತು. ಅವಳ ತಪ್ಪನ್ನು ಅವನು ಅವಳದೇ ಸುಳ್ಳಿನೊಳಗೆ ಮುಚ್ಚಿಡುತ್ತಿದ್ದಾನೆ. ಮೂರು ದಿನ ತಾನೇ. ಇಲ್ಲಿ ಕೂತು ಮಗಳನ್ನು ದೂರದಿಂದ ನೋಡಿಕೊಂಡಿದ್ದರಾಯಿತು. ಮೂರು ದಿನದ ಆಚೆಗೆ ಹೊಟ್ಟೆ ಬೆಳೆಯುತ್ತದೆ, ಊರು ತಿಂಗಳು ಎಣಿಸುತ್ತದೆ ಎಂಬುದನ್ನು ಅವಳ ಮನಸ್ಸು ಮುಟ್ಟಿತು, ಸುಟ್ಟಂತೆ ಕೈ ಎಳೆದುಕೊಂಡಿತು.

ಬಿಸಿಲು ನೆತ್ತಿಗೆ ಬರುವಾಗ ಮಾಯಮ್ಮ ಬಂದಳು. ಗಂಗಯ್ಯನ ದೊಡ್ಡಮ್ಮ, ಊರಿನ ಸೂಲಗಿತ್ತಿ. ತಾಯವ್ವನನ್ನು ಹಿಡಿದದ್ದು ಇವಳ ಕೈ, ದಕ್ಕದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಒಯ್ದದ್ದೂ ಇದೇ ಕೈ. ಅವಳ ಹಿಂದೆ ಇಬ್ಬರು ಮೂವರು ಹೆಂಗಸರು, ಸಾವಿನ ಮನೆಗೆ ಬಂದವರ ನಡಿಗೆಯಲ್ಲಿ. ಮಾಯಮ್ಮನ ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದ ಹಿತ್ತಾಳೆ ಚೊಂಬು. ಅದರಿಂದ ಬೆಲ್ಲದ್ದೂ ಬಿದಿರೆಲೆಯದ್ದೂ ಇನ್ನಾವುದೋ ಕಹಿ ಬೇರಿನದ್ದೂ ಹಬೆ ಏಳುತ್ತಿತ್ತು. ಮೈಲಿಗೆ ಗೀಲಿಗೆ ಎನ್ನದೆ ಅವಳು ಮರೆಯೊಳಗೇ ಬಗ್ಗಿ ಬಂದು ಮುದ್ದಮ್ಮನ ಪಕ್ಕ ಕೂತು, ಅವಳ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಅಳ್ಬೇಕು ಅಂದ್ರೆ ಅಳವ್ವ. ಬುಡಬ್ಯಾಡ ಒಳಗೆ."

"ಅತ್ತೆ, ಇದೇನು?"

"ಕಸಾಯ ಕಣ್ ಮಗ. ಅರ್ಧ ಓಗಿ ಅರ್ಧ ನಿಂತ್ರೆ ಒಳಗೇ ನಂಜಾಯ್ತದೆ. ನನ್ ಕಣ್ ಮುಂದೆ ಎಷ್ಟ್ ಜನ ಓಗವ್ರೆ. ಇದ್ ಕುಡುದ್ರೆ ಉಳ್ದಿದ್ದೆಲ್ಲ ಬಂದ್ಬುಡ್ತದೆ, ಒಟ್ಟೆ ಚೊಕ್ಕಟ ಆಯ್ತದೆ. ಬಿಸಿ ಇದ್ದಂಗೇ ಒಂದೇ ಉಸುರ್ಗೆ ಕುಡ್ದ್ಬುಡು."

ಚೊಂಬಿನ ಬಾಯಿ ಅವಳ ಮುಖದ ಹತ್ತಿರ ಬಂತು. ಮುದ್ದಮ್ಮ ಗಂಡನ ಕಡೆ ನೋಡಿದಳು. ಅವನು ದೋಣಿಯ ಪಕ್ಕದಲ್ಲಿ, ಕೈಯಲ್ಲಿ ಉಳಿ ಹಿಡಿದು ನಿಂತಿದ್ದ. ಮಾಯಮ್ಮನ ಮಾತು ಅವನಿಗೆ ಕೇಳಿಸಿತ್ತು. ಕೇಳಿಸಿದ್ದು ಅವನ ಕತ್ತಿನಲ್ಲಿ ಕಾಣುತ್ತಿತ್ತು.

"ಅಲ್ ಮಡುಗು ದೊಡ್ಡವ್ವ," ಅಂದ. "ಆಮೇಲ್ ಕುಡೀತಾಳೆ."

"ಆಮೇಲೆ ಅಂದ್ರೆ ಆರೋಯ್ತದೆ ಕಣ್ಲಾ. ಆರುದ್ರೆ ಕೆಲ್ಸ ಮಾಡಾಕಿಲ್ಲ. ಗಂಡಸ್ರಿಗೆ ಏನ್ ಗೊತ್ತು, ನಿನ್ ಕೆಲ್ಸ ನೋಡ್ಕೊ ಓಗು."

ಅವನು ಇನ್ನೇನೋ ಹೇಳುತ್ತಾನೆಂದು ಮುದ್ದಮ್ಮ ಕಾದಳು. ಇನ್ನೊಂದು ಮಾತು, ಒಂದೇ ಒಂದು. ಹೆಂಗಸರು ಅವನನ್ನು ನೋಡಿದರು, ಅವನು ಹೆಂಗಸರನ್ನು ನೋಡಿ, ಅವರಾಚೆ ದೋಣಿಯನ್ನು ನೋಡಿ, ಆ ದಡದಲ್ಲಿ ಕಾದು ನಿಂತ ಜನರನ್ನು ನೋಡಿ, ಕೊನೆಗೆ ತನ್ನ ಕೈಯಲ್ಲಿದ್ದ ಉಳಿಯನ್ನು ನೋಡಿದ. ಆಮೇಲೆ ಮೆಲ್ಲಗೆ ದೋಣಿಯೊಳಗೆ ಇಳಿದ. ನಾರು ಕೀಳುವ ಸದ್ದು ಮತ್ತೆ ಶುರುವಾಯಿತು.

"ಅತ್ತೆ, ಕೂಸು ಐತೆ," ಅಂದಳು ಮುದ್ದಮ್ಮ. "ಓಗಿಲ್ಲ. ನಂಗೇನೂ ಆಗಿಲ್ಲ."

ಮಾಯಮ್ಮ ಹಿಂದಿನ ಹೆಂಗಸರ ಕಡೆ ಒಮ್ಮೆ ತಿರುಗಿದಳು. ಅವರಲ್ಲೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಎಲ್ಲಾರೂ ಅಂಗೇ ಅಂತಾರೆ ಮಗ," ಅಂದಳು ಮಾಯಮ್ಮ, ಮಗುವಿಗೆ ಹೇಳುವ ದನಿಯಲ್ಲಿ. "ನಾನೂ ಅಂದಿದ್ದೆ. ಐತೆ ಐತೆ ಅಂತ ದಿನಗಟ್ಲೆ ಒಟ್ಟೆ ಇಡ್ಕೊಂಡು ಕೂತಿದ್ದೆ. ಬಾ, ಬಾಯ್ ತಗಿ." ಒಣಗಿದ, ಬೆಚ್ಚನೆಯ, ಎಷ್ಟೋ ಮಕ್ಕಳ ತಲೆ ಹಿಡಿದ ಬೆರಳುಗಳು ಮುದ್ದಮ್ಮನ ಗಲ್ಲವನ್ನು ಮೃದುವಾಗಿ, ಬಿಡದೆ ಹಿಡಿದವು. ಆ ಬೆರಳಲ್ಲಿ ಪ್ರೀತಿಯಲ್ಲದೆ ಏನೂ ಇರಲಿಲ್ಲ. ಕೊಡತಿ ಹಿಡಿದ ದಿನ ತನ್ನ ಕೈಯಲ್ಲೂ ಅದಲ್ಲದೆ ಏನೂ ಇರಲಿಲ್ಲ. ಚೊಂಬಿನ ಅಂಚು ಅವಳ ಕೆಳತುಟಿಗೆ ತಾಗಿತು, ಬಿಸಿ ತುಟಿ ದಾಟಿ ಹಲ್ಲಿಗೆ ಬಂತು. ಹಲ್ಲು ಕಚ್ಚಿ ಹಿಡಿದಳು. ಕಹಿ ಗಲ್ಲದ ಮೇಲಿಂದ ಕತ್ತಿಗೆ ಇಳಿಯಿತು.

ಅವಳು ಮಾಯಮ್ಮನ ಕೈಯನ್ನು ತಳ್ಳಿ ಎದ್ದಳು. ಚೊಂಬು ಉರುಳಿತೋ ಇಲ್ಲವೋ ನೋಡಲಿಲ್ಲ. ಸೋಗೆಯ ಮರೆಯಿಂದ ಹೊರಬಂದು, ಹೊರಗಾದವಳು ಹೊಳೆಗೆ ಹೋಗಬಾರದೆಂದು ಹಿಂದಿನಿಂದ ಹೆಂಗಸರು ಹೇಳುತ್ತಿದ್ದರೂ ನಿಲ್ಲದೆ, ದೋಣಿಯ ಪಕ್ಕದಿಂದ, ಅದರೊಳಗೆ ಬಗ್ಗಿದ ಬೆನ್ನಿನ ಪಕ್ಕದಿಂದ ಹಾದು, ನೀರು ಮೊಣಕಾಲಿಗೆ ಬರುವವರೆಗೆ ನಡೆದಳು. ಕೆಂಪು ನೀರು ಕಾಲನ್ನು ಸುತ್ತಿ ಎಳೆಯಿತು. ಆ ದಡದವರು ಅವಳನ್ನು ಕಂಡು ಕೈ ಬೀಸಿದರು. "ದೋಣಿ ಯಾಕ್ ಬರಾಕಿಲ್ಲ?" ಎಂದು ಯಾರೋ ಕೂಗಿದರು.

ಮುದ್ದಮ್ಮ ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದಳು. ಮದುವೆಯಾಗಿ ಬಂದಾಗಿನಿಂದ ಹೊಳೆಯ ಮೇಲೆ ಇಷ್ಟು ದೊಡ್ಡ ದನಿ ತೆಗೆದಿರಲಿಲ್ಲ.

"ದೋಣಿ ಒಡ್ದದೆ," ಎಂದು ಕೂಗಿದಳು. "ನಾನು ನಾರು ಜಾಸ್ತಿ ಬಡುದ್ಬುಟ್ಟೆ. ಅಲಗೆ ಎದ್ಬುಡ್ತು. ನಂಗೇನೂ ಆಗಿಲ್ಲ, ದೋಣಿ ಒಡ್ದದೆ."

ಹಿಂದೆ ನಾರು ಕೀಳುವ ಸದ್ದು ನಿಂತಿತು.

ಆ ದಡದಲ್ಲಿ ಜನ ಒಬ್ಬರನ್ನೊಬ್ಬರು ಕೇಳಿಕೊಂಡರು. ಆಮೇಲೆ ಒಬ್ಬ ಕಿವಿಗೆ ಕೈ ಹಚ್ಚಿ, ಗಾಳಿಯಲ್ಲಿ ಸರಿಯಾಗಿ ತಿಳಿಯಲಿಲ್ಲವೆಂದು, ಇನ್ನೊಂದು ಸಲ ಹೇಳೆಂದು ಸನ್ನೆ ಮಾಡಿದ.

ಅವಳು ಉಸಿರು ತುಂಬಿಕೊಂಡಳು.